ಅವರು ನೋಡಿದ್ದು ಇಪ್ಪತ್ತೈದು ನಿಮಿಷ. ಮುಂದಿನ ಆರು ದಿನಗಳನ್ನು ಅರ್ಜಿಯಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ಕರಡು ತಿದ್ದುವವಳು

ನಮಸ್ಕಾರ. ಇದನ್ನು ಮೂರು ದಿನಗಳಿಂದ ಮಲಗಿಕೊಂಡೇ ಮೊಬೈಲಿನಲ್ಲಿ ತುಂಡು ತುಂಡಾಗಿ ಬರೆಯುತ್ತಿದ್ದೇನೆ. ಒಂದೇ ಮಾತು ಎರಡು ಸಲ ಬಂದಿದ್ದರೆ ಮನ್ನಿಸಿ.

ನನಗೆ ಮೈಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಅಂದರೆ ಎಂಇ ಇದೆ. ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಆ ಹೆಸರು ನಮಗೆ ಮಾಡಿದಷ್ಟು ಕೇಡನ್ನು ಬೇರೇನೂ ಮಾಡಿಲ್ಲ ಎಂದು ನಾನು ನಂಬಿದ್ದೇನೆ. ಕೇಳಿದ ಕೂಡಲೇ ‘ಆಯಾಸವೇ? ಅದು ಯಾರಿಗಿಲ್ಲ?’ ಎನ್ನುತ್ತಾರೆ. ಆರು ವರ್ಷಗಳ ಹಿಂದೆ ಒಂದು ವೈರಲ್ ಜ್ವರ ಬಂತು. ಜ್ವರ ಬಿಟ್ಟಿತು, ನಾನು ಏಳಲಿಲ್ಲ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ದಿನಕ್ಕೆ ಅರವತ್ತು ಎಪ್ಪತ್ತು ಪುಟ ನೋಡುತ್ತಿದ್ದೆ. ಈಗ ಅರ್ಧ ಪುಟ ಓದುವಷ್ಟರಲ್ಲಿ ಸಾಲುಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಪದ ಗೊತ್ತಿರುತ್ತದೆ, ಅರ್ಥ ಮಾತ್ರ ಹತ್ತಿರ ಬರುವುದಿಲ್ಲ.

ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿದ್ದೆ. ಕಳೆದ ತಿಂಗಳು ತಪಾಸಣೆಗೆ ಕರೆದರು. ಅದಕ್ಕಾಗಿ ನಾಲ್ಕು ದಿನ ಮೊದಲಿನಿಂದಲೇ ಶಕ್ತಿ ಕೂಡಿಟ್ಟುಕೊಂಡೆ. ಯಾರೊಂದಿಗೂ ಮಾತಿಲ್ಲ, ಪರದೆ ಹಾಕಿದ ಕೋಣೆ, ಸ್ನಾನವನ್ನೂ ಮುಂದೂಡಿದೆ. ತಪಾಸಣೆಯ ಹಿಂದಿನ ಸಂಜೆ ತಂಗಿ ತಲೆ ತೊಳೆದಳು. ನಾನು ಸ್ನಾನದ ಮನೆಯ ಸ್ಟೂಲಿನ ಮೇಲೆ ಕುಳಿತು ಗೋಡೆಗೆ ಹಣೆ ಒರಗಿಸಿಕೊಂಡಿದ್ದೆ. ಬೆಳಿಗ್ಗೆ ಅವಳೇ ಜಡೆ ಹಾಕಿದಳು.

ಒಳಗೆ ಇಪ್ಪತ್ತೈದು ನಿಮಿಷ. ಕೈ ಮೇಲೆತ್ತಿ ಎಂದರು, ಎತ್ತಿದೆ. ಮೂಗು ಮುಟ್ಟಿ ಎಂದರು, ಮುಟ್ಟಿದೆ. ಬಾಗಿಲವರೆಗೆ ನಡೆದು ಬನ್ನಿ ಎಂದರು, ಹೋಗಿ ಬಂದೆ. ಅವರು ಒರಟಾಗಿಯೇನೂ ಇರಲಿಲ್ಲ, ಸೌಜನ್ಯದಿಂದಲೇ ನಡೆಸಿಕೊಂಡರು. ಅದಕ್ಕೇ ಧೈರ್ಯ ಬಂದಿತ್ತು.

ಮರುದಿನ ಬೆಳಿಗ್ಗೆ ಪರವಾಗಿಲ್ಲ ಎನ್ನುವಂತಿದ್ದೆ. ಸಂಜೆ ಏಳರ ಹೊತ್ತಿಗೆ ಬಂತು. ಗಂಟಲಿನಲ್ಲಿ ಉರಿ, ಕಂಕುಳಲ್ಲಿ ಗ್ರಂಥಿಗಳ ನೋವು, ಬೆಳಕು ಕಣ್ಣಿಗೆ ಚುಚ್ಚುವುದು. ಅದರ ಮರುದಿನ ನೀರಿನ ಲೋಟ ಹಿಡಿಯಲು ಬೆರಳುಗಳಿಗೆ ಬಲವಿರಲಿಲ್ಲ. ತಂಗಿ ತಲೆಯ ಪಕ್ಕದಲ್ಲಿ ಲೋಟ ಇಟ್ಟು ನಳಿಕೆಯಲ್ಲಿ ಕುಡಿಸಿದಳು. ಹಾಗೆ ಆರು ದಿನ.

ಕಳೆದ ವಾರ ವರದಿ ಬಂತು, ಅರ್ಜಿ ತಿರಸ್ಕೃತ. ಅದರಲ್ಲಿ ಹೀಗಿದೆ: ‘ಯಾರ ಸಹಾಯವೂ ಇಲ್ಲದೆ ನಡೆದು ಬಂದರು. ಉಡುಪು, ಕೂದಲು ಅಚ್ಚುಕಟ್ಟಾಗಿತ್ತು. ನಗುಮುಖದಿಂದ ಉತ್ತರಿಸಿದರು. ತೋಳುಗಳನ್ನು ಪೂರ್ತಿ ಎತ್ತಬಲ್ಲರು. ಗಮನ ಚೆನ್ನಾಗಿತ್ತು. ರಕ್ತಪರೀಕ್ಷೆಗಳು ಸಹಜ.’

ಹಳೆಯ ಅಭ್ಯಾಸದಂತೆ ಅದನ್ನು ಒಂದೊಂದೇ ಸಾಲಾಗಿ ಪರಿಶೀಲಿಸಿದೆ. ತಿದ್ದಲು ಒಂದು ಸಾಲೂ ಸಿಗಲಿಲ್ಲ. ಎಲ್ಲವೂ ನಿಜ. ಆದರೂ ಆ ಪುಟದಲ್ಲಿರುವವಳು ನಾನಲ್ಲ.

ಮೇಲ್ಮನವಿಗೆ ಇನ್ನು ಹದಿನೆಂಟು ದಿನಗಳಿವೆ. ಅರ್ಜಿಯಲ್ಲಿ ‘ಎಷ್ಟು ದೂರ ನಡೆಯಬಲ್ಲಿರಿ?’ ಎಂಬ ಪ್ರಶ್ನೆಯಿದೆ. ಮೀಟರ್ ಲೆಕ್ಕದಲ್ಲಿ ಒಂದು ಸಂಖ್ಯೆ ಬರೆಯಬೇಕು. ನಾನು ಇನ್ನೂರು ಮೀಟರ್ ನಡೆಯಬಲ್ಲೆ, ನಿಜ. ಆಮೇಲೆ ಆಗುವುದನ್ನು ಆ ಚೌಕದೊಳಗೆ ಹೇಗೆ ಬರೆಯುವುದು? ಸುಳ್ಳು ಹೇಳುವುದು ನನಗೆ ಬೇಕಿಲ್ಲ. ನಿಜ ಹೇಳಿಯೂ ನಂಬಿಸುವುದು ಹೇಗೆಂದು ತಿಳಿಯುತ್ತಿಲ್ಲ.

ಉತ್ತರ: ಎರಡನೇ ಅರ್ಜಿ

ಹದಿನೆಂಟು ದಿನ ಸಾಕು. ಇವತ್ತು ಏನನ್ನೂ ಮಾಡಬೇಡಿ, ಇದನ್ನು ಬರೆದದ್ದಕ್ಕೇ ನಾಳೆ ತೆರಬೇಕಾಗುತ್ತದೆ.

ನನ್ನ ಮೊದಲ ಅರ್ಜಿ ನಿಮ್ಮದರಂತೆಯೇ ಬಿದ್ದುಹೋಯಿತು, ಎರಡನೆಯದು ನಿಂತಿತು. ಎರಡು ಸಲವೂ ಕಾಯಿಲೆ ಅದೇ, ಮೈ ಅದೇ. ಮೊದಲ ಸಲ ನಾನು ಕಾಯಿಲೆಯ ಬಗ್ಗೆ ಬರೆದಿದ್ದೆ. ಎರಡನೇ ಸಲ ಒಂದು ಮಂಗಳವಾರದ ಬಗ್ಗೆ ಬರೆದೆ. ಎದ್ದದ್ದು ಎಷ್ಟು ಹೊತ್ತಿಗೆ, ಹಲ್ಲುಜ್ಜಿದ್ದು ನಿಂತೋ ಕುಳಿತೋ, ಫೋನ್ ಬಂದಾಗ ಎಷ್ಟು ನಿಮಿಷ ಮಾತನಾಡಿದೆ, ಅದಾದ ಮೇಲೆ ಏನನ್ನು ಕೈಬಿಡಬೇಕಾಯಿತು, ಇಷ್ಟೇ. ನಮ್ಮ ಸಂಕಟ ಎಷ್ಟು ದೊಡ್ಡದೆಂದು ವಿವರಿಸಹೊರಟರೆ ಓದುವವರಿಗೆ ಅದು ದೂರು ಎನಿಸುತ್ತದೆ. ಗಂಟೆ, ನಿಮಿಷ, ದಿನ ಬರೆದರೆ ಅವರಿಗೆ ಒಂದು ಲೆಕ್ಕ ಸಿಗುತ್ತದೆ.

ನಡಿಗೆಯ ಪ್ರಶ್ನೆಗೆ ಒಂದೇ ಸಂಖ್ಯೆ ಬರೆಯಲೇಬೇಡಿ. ಚೌಕ ಚಿಕ್ಕದಾದರೆ ‘ಹೆಚ್ಚುವರಿ ಹಾಳೆ ನೋಡಿ’ ಎಂದು ಬರೆದು ಹಾಳೆ ಲಗತ್ತಿಸಿ. ನಾನು ಬರೆದದ್ದು ಹೀಗಿತ್ತು: ‘ತೊಂದರೆಯಾಗದಂತೆ ನಡೆಯಬಲ್ಲ ದೂರ, ಮನೆಯೊಳಗೆ ಸುಮಾರು ಮೂವತ್ತು ಮೀಟರ್. ಅನಿವಾರ್ಯವಾದರೆ ಒಂದು ಸಲ ಇನ್ನೂರು ಮೀಟರ್. ಹಾಗೆ ನಡೆದರೆ 24ರಿಂದ 48 ಗಂಟೆಯೊಳಗೆ ಕುಸಿತ ಆರಂಭವಾಗುತ್ತದೆ, ಮೂರರಿಂದ ಏಳು ದಿನ ಹಾಸಿಗೆ ಬಿಡಲಾಗುವುದಿಲ್ಲ. ಅದೇ ದಿನ ಎರಡನೇ ಸಲ ಆ ದೂರ ನಡೆಯಲಾರೆ.’ ಇದರಲ್ಲಿ ಸುಳ್ಳು ಎಲ್ಲಿದೆ? ‘ಇನ್ನೂರು’ ಎಂದಷ್ಟೇ ಬರೆದು ಬಿಡುವುದೇ ಸುಳ್ಳಿಗೆ ಹತ್ತಿರ.

‘ಕೆಲವೊಮ್ಮೆ’, ‘ಆಗಾಗ’ ಎಂಬ ಪದಗಳನ್ನು ಹುಡುಕಿ ತೆಗೆಯಿರಿ. ನಾವು ಅವುಗಳನ್ನು ಸಂಕೋಚದಿಂದ ಬರೆಯುತ್ತೇವೆ, ಓದುವವರು ‘ಅಪರೂಪಕ್ಕೆ’ ಎಂದು ತಿಳಿಯುತ್ತಾರೆ. ತಿಂಗಳಲ್ಲಿ ಎಷ್ಟು ದಿನ ಎಂದು ಹೇಳಿ. ನೀವು ಮೇಲೆ ಹೇಳಿದ ತಲೆಸ್ನಾನವನ್ನೇ ಅರ್ಜಿಯ ಭಾಷೆಗೆ ತಂದುಕೊಡುತ್ತೇನೆ, ಸಂಖ್ಯೆಗಳನ್ನು ನಿಮ್ಮದರಂತೆ ಬದಲಿಸಿಕೊಳ್ಳಿ: ‘ತಲೆಗೆ ಸ್ನಾನ ಹತ್ತು ದಿನಗಳಿಗೊಮ್ಮೆ. ಸ್ಟೂಲಿನ ಮೇಲೆ ಕುಳಿತು. ತೋಳು ಎತ್ತಬಲ್ಲೆ, ಎತ್ತಿ ಹಿಡಿದಿರಲಾರೆ. ಆದ್ದರಿಂದ ತಂಗಿ ತೊಳೆಯುತ್ತಾಳೆ. ಆಮೇಲೆ ಕತ್ತಲೆಯ ಕೋಣೆಯಲ್ಲಿ ಒಂದೂವರೆ ಗಂಟೆ ಮಲಗಿರಬೇಕು. ಆ ದಿನ ಬೇರೆ ಕೆಲಸ ಸಾಧ್ಯವಿಲ್ಲ.’ ‘ತೋಳುಗಳನ್ನು ಪೂರ್ತಿ ಎತ್ತಬಲ್ಲರು’ ಎಂಬ ಅವರ ಸಾಲಿಗೆ ಇದೇ ಉತ್ತರ.

ಇನ್ನು ನಿಮ್ಮ ವೈದ್ಯರ ಪತ್ರ. ‘ಇವರಿಗೆ ಎಂಇ ಇದೆ’ ಎಂಬ ಎರಡು ಸಾಲಿನ ಪತ್ರದಿಂದ ಏನೂ ಆಗದು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ರೋಗನಿರ್ಣಯದ ಮಾನದಂಡಗಳನ್ನು ಸ್ಪಷ್ಟವಾಗಿ ಕೊಟ್ಟಿದೆ: ಆರು ತಿಂಗಳಿಗೂ ಮೀರಿ ಮೊದಲಿನ ಚಟುವಟಿಕೆಗಳು ಗಣನೀಯವಾಗಿ ಕುಗ್ಗಿರುವುದು ಮತ್ತು ಅದರೊಂದಿಗೆ ವಿಶ್ರಾಂತಿಯಿಂದ ಹೋಗದ ಆಯಾಸ, ಶ್ರಮದ ನಂತರದ ಕುಸಿತ, ನಿದ್ರಿಸಿದರೂ ಚೇತರಿಕೆ ಸಿಗದಿರುವುದು, ಇವುಗಳ ಜೊತೆಗೆ ಯೋಚನಾಶಕ್ತಿಯ ತೊಂದರೆ ಅಥವಾ ನೆಟ್ಟಗೆ ನಿಂತಾಗ ಹೆಚ್ಚಾಗುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ಪ್ರತಿಯೊಂದೂ ನಿಮ್ಮಲ್ಲಿ ಹೇಗೆ ಕಾಣುತ್ತದೆ ಎಂದು ವೈದ್ಯರು ಒಂದೊಂದು ಸಾಲು ಬರೆದರೆ ಸಾಕು. ಅವರಿಗೆ ಬಿಡುವಿರುವುದಿಲ್ಲ. ನೀವೇ ಒಂದು ಪುಟದ ಟಿಪ್ಪಣಿ ಮಾಡಿ ತಂಗಿಯ ಕೈಯಲ್ಲಿ ಕಳಿಸಿ.

ನಿಂತಾಗ ತಲೆಸುತ್ತು, ಎದೆಬಡಿತ ಇದ್ದರೆ ಹತ್ತು ನಿಮಿಷ ನಿಲ್ಲಿಸಿ ನಾಡಿ ಮತ್ತು ರಕ್ತದೊತ್ತಡ ಅಳೆಯುವ ಸರಳ ಪರೀಕ್ಷೆಯಿದೆ. ರಕ್ತದೊತ್ತಡ ಇಳಿಯದೆ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ, ವಯಸ್ಕರಲ್ಲಿ ಅದನ್ನು ಪಾಟ್ಸ್, ಅಂದರೆ ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ ಎಂದು ಪರಿಗಣಿಸುತ್ತಾರೆ. ನನ್ನ ಕಡತದಲ್ಲಿ ಸಂಖ್ಯೆಯ ರೂಪದಲ್ಲಿದ್ದ ಒಂದೇ ಪುರಾವೆ ಅದು. ವೈದ್ಯರ ಎದುರೇ ಮಾಡಿಸಿ, ಒಬ್ಬರೇ ಇರುವಾಗ ಬೇಡ.

ಉತ್ತರ: ಮುಂಜಾನೆಯ ನಡಿಗೆ

ನಿಮ್ಮ ಕಷ್ಟ ಓದಿ ಬೇಸರವಾಯಿತು. ತಪ್ಪು ತಿಳಿಯಬೇಡಿ, ನನ್ನ ಚಿಕ್ಕಪ್ಪನಿಗೂ ಬಹಳ ಕಾಲ ಸುಸ್ತು ಇತ್ತು. ದಿನಕ್ಕೆ ಐದು ನಿಮಿಷದಿಂದ ಆರಂಭಿಸಿ ಪ್ರತಿ ವಾರ ನಡಿಗೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿಕೊಂಡು ಪೂರ್ತಿ ಗುಣವಾದರು. ಭತ್ಯೆಗಾಗಿ ಓಡಾಡುವ ಶಕ್ತಿಯನ್ನು ಅದಕ್ಕೆ ಬಳಸಿ ನೋಡಬಾರದೇ?

ಉತ್ತರ: ಪರದೆಯ ಈಚೆ

ನಿಮ್ಮ ಚಿಕ್ಕಪ್ಪ ಗುಣವಾದದ್ದು ಸಂತೋಷ. ಆದರೆ ಈ ಸಲಹೆ ಎಂಇ ಇರುವವರ ಕಣ್ಣಿಗೆ ಬಿದ್ದಾಗ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ನಾನು ಅದನ್ನು ಪಾಲಿಸಿದವಳು. ವೈದ್ಯರು ಬರೆದುಕೊಟ್ಟ ಪಟ್ಟಿಯಂತೆ ಪ್ರತಿ ವಾರ ಎರಡು ನಿಮಿಷ ಹೆಚ್ಚಿಸಿದೆ. ಮೊದಲ ವಾರ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದೆ. ಹನ್ನೊಂದನೇ ವಾರದಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗಲಿಲ್ಲ. ಅದು ನಾಲ್ಕು ವರ್ಷಗಳ ಹಿಂದೆ. ಅಲ್ಲಿಂದ ಈವರೆಗೆ ಹಿಂತಿರುಗಿಲ್ಲ.

ವ್ಯಾಯಾಮದಿಂದ ಸರಿಹೋಗುವ ಸುಸ್ತುಗಳು ಬೇಕಾದಷ್ಟಿವೆ, ಒಪ್ಪುತ್ತೇನೆ. ಎಂಇ ಅವುಗಳಲ್ಲಿ ಒಂದಲ್ಲ. ಮಿತಿ ಮೀರಿದ ಶ್ರಮಕ್ಕೆ ಇಡೀ ದೇಹ ತಡವಾಗಿ ಕುಸಿಯುವುದೇ ಈ ಕಾಯಿಲೆಯ ಗುರುತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಹಿಂದೆ ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನು ಸೂಚಿಸುತ್ತಿತ್ತು. 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಕೊಡಬಾರದು ಎಂದೇ ಹೇಳಿತು. ಈಗ ಹೇಳುವುದು, ಇರುವ ಶಕ್ತಿಯ ಮಿತಿಯೊಳಗೇ ದಿನವನ್ನು ಹೊಂದಿಸಿಕೊಳ್ಳಿ ಎಂದು.

ಕರಡು ತಿದ್ದುವವರೇ, ಇದು ನಿಮ್ಮ ಮೇಲ್ಮನವಿಗೂ ಬೇಕಾಗುವ ವಿಷಯ. ನಿಮ್ಮ ಹಳೆಯ ಕಾಗದಪತ್ರಗಳಲ್ಲಿ ಎಲ್ಲಾದರೂ ‘ಸೂಚಿಸಿದ ವ್ಯಾಯಾಮ ಚಿಕಿತ್ಸೆಯನ್ನು ಮುಂದುವರಿಸಲಿಲ್ಲ’ ಎಂದಿದೆಯೇ ನೋಡಿಸಿ. ನನ್ನ ಕಡತದಲ್ಲಿತ್ತು. ಗುಣವಾಗುವ ಮನಸ್ಸಿಲ್ಲದವಳು ಎಂದು ಓದಿಕೊಂಡರು. ಅಂತಹ ಸಾಲು ಇದ್ದರೆ ಯಾಕೆ ನಿಲ್ಲಿಸಿದಿರಿ, ನಿಲ್ಲಿಸುವಾಗ ಸ್ಥಿತಿ ಹೇಗಿತ್ತು ಎಂದು ಬರೆದು ಆ ಮಾರ್ಗಸೂಚಿಯನ್ನು ಉಲ್ಲೇಖಿಸಿ.

ಉತ್ತರ: ಮುಂಜಾನೆಯ ನಡಿಗೆ

ಇದು ನನಗೆ ತಿಳಿದಿರಲಿಲ್ಲ. ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮಗಾದ ನಷ್ಟಕ್ಕೆ ವಿಷಾದವಿದೆ.

ಉತ್ತರ: ಜೊತೆಗಾರ

ನನ್ನ ಹೆಂಡತಿಗೆ ಎಂಟು ವರ್ಷಗಳಿಂದ ಇದೇ ಕಾಯಿಲೆ. ನಾನು ಹೇಳಬೇಕಾದದ್ದು ನಿಮಗಿಂತ ನಿಮ್ಮ ತಂಗಿಯವರಿಗೆ.

ನೀವು ಕುಸಿದಿರುವಾಗ ನಿಮ್ಮನ್ನು ನೋಡುವವರು ಅವರೊಬ್ಬರೇ. ಆ ಆರು ದಿನಗಳಿಗೆ ಬೇರೆ ಸಾಕ್ಷಿಯಿಲ್ಲ. ಆದ್ದರಿಂದ ಅವರು ಒಂದು ಹೇಳಿಕೆ ಬರೆದು ಸಹಿ ಮಾಡಿ ಕೊಡಲಿ. ಬರೆಯುವಾಗ ‘ನನ್ನ ಅಕ್ಕ ಬಹಳ ಕಷ್ಟಪಡುತ್ತಾಳೆ’ ಎಂಬಂತಹ ಮಾತು ಬೇಡ. ತಾವು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು, ಅಷ್ಟೇ. ನಾನು ಬರೆದ ಹೇಳಿಕೆಯಲ್ಲಿ ಒಂದು ಸಾಲು ಹೀಗಿತ್ತು: ‘ಆ ದಿನಗಳಲ್ಲಿ ಅವಳು ಮಾತನಾಡುವುದಿಲ್ಲ, ನನ್ನ ಅಂಗೈಯನ್ನು ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಬೇಡ.’ ಅದನ್ನು ಬರೆಯುವಾಗ ನನಗೆ ನಾಚಿಕೆಯಾಗಿತ್ತು, ನಮ್ಮ ಮನೆಯೊಳಗಿನದನ್ನು ಯಾರ ಮುಂದೋ ಬಿಚ್ಚಿಟ್ಟಂತೆ. ಹೆಂಡತಿಗೆ ತೋರಿಸಿದೆ. ಓದಿ, ಅಂಗೈ ಒಂದು ಸಲ ಒತ್ತಿದಳು. ವಿಚಾರಣೆಯ ದಿನ ಅವರು ನನ್ನನ್ನು ಕೇಳಿದ್ದು ಆ ಸಾಲಿನ ಬಗ್ಗೆಯೇ.

ಇನ್ನೊಂದು. ಮುಂದಿನ ಸಲ ತಪಾಸಣೆಗೆ ಹೋಗುವಾಗ ನಿಮ್ಮ ತಂಗಿ ಒಳಗೆ ಬರಲು ಮೊದಲೇ ಅನುಮತಿ ಕೇಳಿ, ಮಲಗಿಕೊಂಡು ಉತ್ತರಿಸಲು ಅವಕಾಶ ಕೊಡಿ ಎಂದೂ ಕೇಳಿ. ಮನೆಯಲ್ಲೇ ಅಥವಾ ಫೋನಿನಲ್ಲಿ ನಡೆಸಲು ಸಾಧ್ಯವೇ ಎಂದು ಪತ್ರ ಬರೆಯಿರಿ. ಒಪ್ಪದಿದ್ದರೂ ಕೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ. ನೀವು ನಾಲ್ಕು ದಿನ ಕೂಡಿಟ್ಟ ಶಕ್ತಿಯಿಂದ ಬಂದಿದ್ದೀರಿ ಎಂದು ಒಳಗೆ ಕುಳಿತವರಿಗೆ ಗೊತ್ತಾಗುವುದು ಹೇಗೆ? ಬಾಯಿಬಿಟ್ಟು ಹೇಳಬೇಕು.

ಉತ್ತರ: ಮೇಜಿನ ಆಚೆ ಬದಿ

ನಾನು ವೈದ್ಯ. ಕೆಲವು ವರ್ಷ ಇಂತಹ ತಪಾಸಣೆಗಳನ್ನು ಮಾಡಿದ್ದೇನೆ. ‘ನಗುಮುಖದಿಂದ ಉತ್ತರಿಸಿದರು’ ಎಂದು ನಾನೂ ಬರೆದಿದ್ದೇನೆ. ಈಗ ಅದನ್ನು ನೆನೆದರೆ ನೋವಾಗುತ್ತದೆ. ಆಗ ನನ್ನ ಮುಂದೆ ಇದ್ದದ್ದು ಒಂದು ನಮೂನೆ ಮತ್ತು ಅರ್ಧ ಗಂಟೆ. ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಆ ನಮೂನೆ ಕೇಳುತ್ತಿತ್ತು. ನಾಳಿದ್ದು ಏನಾಗುತ್ತದೆ ಎಂದು ಕೇಳುವ ಅಂಕಣವೇ ಇರಲಿಲ್ಲ. ನಾನೂ ಕೇಳಲಿಲ್ಲ.

ಆದ್ದರಿಂದ ಆ ಅಂಕಣವನ್ನು ನೀವೇ ಸೇರಿಸಬೇಕು. ವರದಿಯ ಪೂರ್ತಿ ಪ್ರತಿ ನಿಮ್ಮಲ್ಲಿದೆಯೇ ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಅವರ ಪ್ರತಿ ಸಾಲನ್ನೂ ಎಡಗಡೆ ಬರೆದು ಬಲಗಡೆ ನಿಮ್ಮ ಮಾತು ಬರೆಯಿರಿ. ಅವರು ಸುಳ್ಳು ಹೇಳಿದರು ಎನ್ನಬೇಡಿ, ಹೇಳಿಲ್ಲ. ‘ಕೂದಲು ಅಚ್ಚುಕಟ್ಟಾಗಿತ್ತು’ ಎಂಬುದರ ಎದುರು ‘ಹಿಂದಿನ ಸಂಜೆ ತಂಗಿ ತೊಳೆದು, ಬೆಳಿಗ್ಗೆ ಹೆಣೆದಳು’ ಎಂದಷ್ಟೇ ಬರೆದರೂ ಆ ಸಾಲಿನ ತೂಕ ಬದಲಾಗುತ್ತದೆ. ಕರಡು ತಿದ್ದಿದ ಕೈಗೆ ಈ ಕೆಲಸ ಹೇಳಿಕೊಡಬೇಕಿಲ್ಲ.

‘ರಕ್ತಪರೀಕ್ಷೆಗಳು ಸಹಜ’ ಎಂಬುದಕ್ಕೆ ಉತ್ತರ: ಎಂಇಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಇಲ್ಲ. ಬೇರೆ ಕಾಯಿಲೆಗಳಲ್ಲ ಎಂದು ತಿಳಿಯುವುದಕ್ಕಾಗಿಯೇ ಆ ಪರೀಕ್ಷೆಗಳನ್ನು ಮಾಡುತ್ತಾರೆ. ಎರಡು ದಿನ ಸತತವಾಗಿ ವ್ಯಾಯಾಮ ಮಾಡಿಸಿ ಆಮ್ಲಜನಕದ ಬಳಕೆ ಅಳೆಯುವ ಪರೀಕ್ಷೆಯೊಂದಿದೆ. ಎರಡನೇ ದಿನ ಸಾಮರ್ಥ್ಯ ಕುಸಿಯುವುದನ್ನು ಅದು ತೋರಿಸಬಲ್ಲದು. ಆದರೆ ಅದೇ ನಿಮ್ಮನ್ನು ದೀರ್ಘಕಾಲ ಮಲಗಿಸಬಹುದು. ಒಂದು ಕಾಗದಕ್ಕಾಗಿ ಅಷ್ಟು ದೊಡ್ಡ ಬೆಲೆ ಕೊಡಿ ಎಂದು ನಾನಂತೂ ಹೇಳುವುದಿಲ್ಲ.

ಮಾನಸಿಕ ಎಂದು ತಳ್ಳಿಹಾಕಿದ್ದರೆ ವರ್ಗೀಕರಣ ಸಂಖ್ಯೆ ಬರೆಸಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 1969ರಿಂದಲೇ ನರಮಂಡಲದ ಕಾಯಿಲೆಗಳ ಗುಂಪಿನಲ್ಲಿ ಇಟ್ಟಿದೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಜಿ93.3, ಹನ್ನೊಂದನೆಯದರಲ್ಲಿ 8ಇ49.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ ಭತ್ಯೆಯ ನಿಯಮ ನನಗೆ ಮೆಚ್ಚುಗೆ. ಒಂದು ಕೆಲಸವನ್ನು ಸುರಕ್ಷಿತವಾಗಿ, ಒಪ್ಪುವಂತಹ ಮಟ್ಟದಲ್ಲಿ, ಮತ್ತೆ ಮತ್ತೆ, ಸಮಂಜಸವಾದ ಸಮಯದಲ್ಲಿ ಮಾಡಲಾಗುತ್ತದೆಯೇ ಎಂದು ಅದು ಕೇಳುತ್ತದೆ, ಅರ್ಧಕ್ಕಿಂತ ಹೆಚ್ಚು ದಿನಗಳ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನಮೂನೆಯನ್ನು ತುಂಬುವವರು ಎಷ್ಟು ಮಟ್ಟಿಗೆ ಪಾಲಿಸುತ್ತಾರೆ ಎಂಬುದು ಬೇರೆ ಮಾತು. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತ ಈ ಕಾಯಿಲೆಯ ಅರ್ಜಿಗಳನ್ನು ಹೇಗೆ ಪರಿಶೀಲಿಸಬೇಕೆಂದು 2014ರಲ್ಲಿ ಪ್ರತ್ಯೇಕ ಸೂಚನೆಯನ್ನೇ ಹೊರಡಿಸಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅಂಗವೈಕಲ್ಯದ 21 ಬಗೆಗಳಿವೆ. ಎಂಇ ಹೆಸರು ಅದರಲ್ಲಿಲ್ಲ, ದೀರ್ಘಕಾಲದ ನರಸಂಬಂಧಿ ಸ್ಥಿತಿಗಳು ಎಂಬ ಬಗೆ ಇದೆ. ಬಹಳಷ್ಟು ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕೆಂಬ ಮಿತಿಯೂ ಇದೆ. ಎಲ್ಲೇ ಆಗಲಿ, ‘ಮಾಡಬಲ್ಲಿರಾ?’ ಎಂಬ ಪ್ರಶ್ನೆ ಬಂದಾಗ ‘ನಾಳೆಯೂ, ನಾಳಿದ್ದೂ ಮಾಡಬಲ್ಲಿರಾ?’ ಎಂದು ಕೇಳಿದ್ದಾರೆಂದುಕೊಂಡು ಉತ್ತರಿಸಿ.

ಉತ್ತರ: ಎರಡನೇ ಅರ್ಜಿ

ಹಿಂದಿನ ಉತ್ತರದಲ್ಲಿ ದಿನಚರಿಯ ವಿಷಯ ಬಿಟ್ಟುಹೋಗಿತ್ತು. ಎರಡು ವಾರ ಬರೆದರೆ ಸಾಕು. ಮಾಡಿದ್ದೇನು, ಆಮೇಲೆ ಏನಾಯಿತು, ಚೇತರಿಸಿಕೊಂಡದ್ದು ಯಾವಾಗ, ಮೂರೇ ಅಂಕಣ. ವಾಕ್ಯಗಳು ಬೇಡ, ಸಮಯ ಮತ್ತು ಒಂದೆರಡು ಪದ ಸಾಕು. ಬರೆಯಲಾಗದ ದಿನ ಅಡ್ಡಗೆರೆ ಎಳೆಯಿರಿ. ನನ್ನ ಹದಿನಾಲ್ಕು ದಿನಗಳಲ್ಲಿ ಐದು ಅಡ್ಡಗೆರೆಗಳಿದ್ದವು.

ಪ್ರಶ್ನೆ ಕೇಳಿದವರಿಂದ: ಕರಡು ತಿದ್ದುವವಳು

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಉತ್ತರಗಳನ್ನೂ ತಂಗಿ ಓದಿ ಹೇಳಿದಳು, ಸ್ವಲ್ಪ ಸ್ವಲ್ಪವಾಗಿ.

ಎಡ ಬಲ ಅಂಕಣದ ಹಾಳೆ ಅರ್ಧವಾಗಿದೆ. ದಿನಕ್ಕೆ ಎರಡು ಸಾಲು ಬರೆಯುತ್ತೇನೆ. ‘ಗಮನ ಚೆನ್ನಾಗಿತ್ತು’ ಎಂಬಲ್ಲಿ ಬಹಳ ಹೊತ್ತು ನಿಂತೆ. ಕೊನೆಗೆ ಬರೆದದ್ದು: ‘ಹದಿನಾಲ್ಕು ವರ್ಷ ಈ ಗಮನದಿಂದಲೇ ಜೀವನ ನಡೆಸಿದೆ. ದಿನಕ್ಕೆ ಅರವತ್ತು ಪುಟ ಓದುತ್ತಿದ್ದೆ. ಈ ಹಾಳೆಯ ಹನ್ನೆರಡು ಸಾಲುಗಳಿಗೆ ಆರು ದಿನ ಹಿಡಿಯಿತು.’ ಮುಗಿದಾಗ ದಿನಗಳ ಸಂಖ್ಯೆಯನ್ನು ಸರಿಯಾಗಿ ತುಂಬುತ್ತೇನೆ.

ತಂಗಿ ಹೇಳಿಕೆ ಬರೆದಳು. ಲೋಟದ ವಿಷಯ ಬರೆಯುತ್ತಾಳೆಂದು ಅಂದುಕೊಂಡಿದ್ದೆ, ಅದೂ ಇದೆ. ಆದರೆ ಅವಳು ಮೊದಲು ಬರೆದದ್ದು ನನಗೆ ಗೊತ್ತಿಲ್ಲದ ಸಂಗತಿ. ಆ ಆರು ರಾತ್ರಿಗಳಲ್ಲಿ ಅವಳು ನನ್ನ ಕೋಣೆಯ ಬಾಗಿಲ ಹೊರಗೆ ಚಾಪೆ ಹಾಕಿಕೊಂಡು ಮಲಗಿದ್ದಳಂತೆ, ಕರೆದರೆ ನನ್ನ ದನಿ ಪಕ್ಕದ ಕೋಣೆಯವರೆಗೂ ಕೇಳುವುದಿಲ್ಲವೆಂದು. ಆರು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಇಲ್ಲಿ ಬರೆಯುವುದನ್ನೂ ದಿನಚರಿಗೆ ಸೇರಿಸಬೇಕೇ?

ಉತ್ತರ: ಎರಡನೇ ಅರ್ಜಿ

ಸೇರಿಸಿ. ಎಷ್ಟು ನಿಮಿಷ ಹಿಡಿಯಿತೆಂದೂ ಬರೆಯಿರಿ. ಎರಡನೇ ಅಂಕಣವನ್ನು ನಾಳೆ ಸಂಜೆಯವರೆಗೆ ಖಾಲಿ ಬಿಡಿ.